ನನ್ನ ಚಿತ್ರಕ್ಕೆ ಬ್ಲೇಡ್ ಬಿದ್ದ ಮೇಲೆ

ಫೋನ್ ಬಂದಾಗ ಬ್ರಷ್ ತೊಳೆಯುತ್ತಿದ್ದೆ. ಗ್ಯಾಲರಿಯ ಮ್ಯಾನೇಜರ್. "ಮೇಡಂ, ಸ್ವಲ್ಪ ಬರೋಕಾಗತ್ತಾ, ನಿಮ್ಮ ಚಿತ್ರಕ್ಕೆ ಏನೋ ಆಗಿದೆ" ಅಂದರು. ಏನೋ ಅಂದ್ರೆ ಏನು ಅಂತ ಕೇಳಿದೆ. "ಬನ್ನಿ, ಬಂದ್ಮೇಲೆ ಹೇಳ್ತೀನಿ" ಅಂದು ಇಟ್ಟುಬಿಟ್ಟರು. ಮೊಳೆ ಸಡಿಲವಾಗಿ ಬಿದ್ದಿರಬೇಕು, ಚೌಕಟ್ಟಿನ ಮೂಲೆ ಜಜ್ಜಿರಬೇಕು, ಹೆಚ್ಚಂದ್ರೆ ಯಾರದೋ ಚೀಲ ತಾಗಿರಬೇಕು ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಾ ಹೋದೆ. ಯಾರಾದರೂ ಬೇಕಂತಲೇ ಮಾಡಿರಬಹುದು ಅನ್ನೋದು ತಲೆಗೆ ಬರಲೇ ಇಲ್ಲ.

ಹಾಲ್ ಬಾಗಿಲಿಗೆ ಹಗ್ಗ ಕಟ್ಟಿದ್ದರು. ಒಳಗೆ ಹೋದೆ. ನನ್ನ ಚಿತ್ರ ಗೋಡೆಯ ಮೇಲೇ ಇತ್ತು. ಕಿಟಕಿ ಪಕ್ಕ ಒಂದು ಖಾಲಿ ಕುರ್ಚಿ, ಹಿಂದೆ ನೀಲಿ ಗೋಡೆ. ಅಷ್ಟೇ ಇರುವ ಚಿತ್ರ ಅದು. ಆ ನೀಲಿ ಗೋಡೆಯ ಮೇಲೆ ಕಪ್ಪು ಮಾರ್ಕರ್‌ನಲ್ಲಿ ಅಡ್ಡಡ್ಡ ಎರಡು ಗೆರೆ. ಅದರ ಕೆಳಗೆ, ಕುರ್ಚಿಯ ಬೆನ್ನಿನಿಂದ ಶುರುವಾಗಿ ಓರೆಯಾಗಿ ಇಳಿದ ಒಂದು ಸೀಳು. ಆಮೇಲೆ ಅಳತೆ ಮಾಡಿದಾಗ 31 ಸೆಂಟಿಮೀಟರ್ ಇತ್ತು. ಕ್ಯಾನ್ವಾಸ್ ಬಿಗಿಯಾಗಿ ಎಳೆದು ಹೊಡೆದಿರುತ್ತಾರಲ್ಲ, ಹಾಗಾಗಿ ಕೊಯ್ದ ತಕ್ಷಣ ಅಂಚು ಎರಡೂ ಕಡೆ ಬಾಯಿ ಬಿಟ್ಟಂತೆ ತೆರೆದುಕೊಂಡು ಸುರುಳಿಯಾಗಿತ್ತು. ಆ ಬಿರುಕಿನಲ್ಲಿ ಹಿಂದಿನ ಬಿಳಿ ಗೋಡೆ ಕಾಣುತ್ತಿತ್ತು.

ನನ್ನ ಕೈ ತಾನಾಗಿ ಮುಂದೆ ಹೋಯಿತು. ಆ ಅಂಚನ್ನು ಹಿಡಿದು ಕೂಡಿಸಬೇಕು ಅನ್ನಿಸಿತ್ತು. ಮಗು ಬಿದ್ದು ಪೆಟ್ಟಾದಾಗ ಮೊದಲು ಅಲ್ಲಿಗೇ ಕೈ ಹೋಗುತ್ತದಲ್ವಾ, ಹಾಗೆ. ಆಗ ಪಕ್ಕದಲ್ಲಿದ್ದ ಹಾಲ್ ಕಾವಲುಗಾರರು ಗಟ್ಟಿಯಾಗಿ ಕೂಗಿದರು. "ಮುಟ್ಬೇಡಿ ಮೇಡಂ! ನೆಲಾನೂ ನೋಡಿ, ಅಲ್ಲಿ ಬಣ್ಣ ಬಿದ್ದಿದೆ, ತುಳೀಬೇಡಿ." ಬಗ್ಗಿ ನೋಡಿದರೆ ಸಾಸಿವೆಗಿಂತ ಸಣ್ಣ ನೀಲಿ ಚೂರುಗಳು. ಆತ ಆಗಲೇ ಸುತ್ತ ನಾಲ್ಕು ಕುರ್ಚಿ ಇಟ್ಟು ಯಾರೂ ಬರದ ಹಾಗೆ ಮಾಡಿದ್ದರು. ವಯಸ್ಸು ಅರವತ್ತರ ಹತ್ತಿರ. ಕೈ ನಡುಗುತ್ತಿತ್ತು. ಆದರೂ ಮಾಡಬೇಕಾದ್ದನ್ನು ಸರಿಯಾಗಿ ಮಾಡಿದ್ದರು. ಆ ಚೂರುಗಳನ್ನು ಮರುದಿನ ಒಂದೊಂದಾಗಿ ಎತ್ತಿ, ಎಲ್ಲಿ ಬಿದ್ದಿತ್ತು ಅಂತ ಬರೆದು, ಪುಟ್ಟ ಡಬ್ಬಿಗಳಲ್ಲಿ ಇಟ್ಟರು. ಮುಂದೆ ಅವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮತ್ತೆ ಅವುಗಳ ಜಾಗಕ್ಕೇ ಹೋಗಿ ಕೂತವು. ಗುಡಿಸಿ ಎಸೆದಿದ್ದರೆ ಮುಗಿದೇ ಹೋಗುತ್ತಿತ್ತು.

ಮೊದಲ ಕೆಲವು ನಿಮಿಷ ಎಷ್ಟು ದೊಡ್ಡದು ಅಂತ ನನಗೆ ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು. ರೆಂಬ್ರಾಂಟ್‌ನ 'ನೈಟ್ ವಾಚ್' ಚಿತ್ರದ ಮೇಲೆ 1990ರಲ್ಲಿ ಒಬ್ಬ ಆಸಿಡ್ ಎರಚಿದ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನ ಕಾವಲುಗಾರರು ತಕ್ಷಣ ನೀರು ಹಾಯಿಸಿದರು. ಆಸಿಡ್ ಮೇಲಿನ ವಾರ್ನಿಶ್ ದಾಟಿ ಒಳಗೆ ಇಳಿಯಲಿಲ್ಲ. ಅದಕ್ಕೆ ಐದು ವರ್ಷ ಮೊದಲು, 1985ರಲ್ಲಿ, ಅದೇ ರೆಂಬ್ರಾಂಟ್‌ನ 'ಡಾನಾಯೆ' ಚಿತ್ರಕ್ಕೆ ಹರ್ಮಿಟೇಜ್ ಮ್ಯೂಸಿಯಂನಲ್ಲಿ ಒಬ್ಬ ಚಾಕು ಹಾಕಿ, ಮೇಲೆ ಸಲ್ಫ್ಯೂರಿಕ್ ಆಸಿಡ್ ಎರಚಿದ್ದ. ಅಲ್ಲಿ ಬಣ್ಣವೇ ಕರಗಿ ಇಳಿಯಿತು. ಆ ಚಿತ್ರ ಜನರ ಮುಂದೆ ಮತ್ತೆ ಬಂದದ್ದು 1997ರಲ್ಲಿ. ಹನ್ನೆರಡು ವರ್ಷ! ಅಷ್ಟಾದರೂ ರೆಂಬ್ರಾಂಟ್‌ನ ಕೈಯ ಬಣ್ಣ ಕೆಲವು ಕಡೆ ಶಾಶ್ವತವಾಗಿ ಹೋಯಿತು. ನನ್ನ ಚಿತ್ರವನ್ನು ಅವುಗಳ ಸಾಲಿನಲ್ಲಿ ಇಡುತ್ತಿಲ್ಲ. ಆದರೆ ಮಾಡಿದವನಿಗೆ ಹಿಡಿದ ಹೊತ್ತು, ಸರಿಮಾಡುವವರಿಗೆ ಹಿಡಿಯುವ ಹೊತ್ತು, ಇವೆರಡರ ನಡುವಿನ ಅಂತರ ಇದೆಯಲ್ಲ, ಅದನ್ನು ಮುಂದಿನ 14 ತಿಂಗಳು ನಾನು ಕಣ್ಣಾರೆ ನೋಡಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಿಸಿಟಿವಿಯಲ್ಲಿ ಎಲ್ಲ ಇತ್ತು. ಒಬ್ಬ ಹುಡುಗ, ಇಪ್ಪತ್ತು ವರ್ಷ ಇರಬಹುದು. ಹಾಲ್‌ನಲ್ಲಿ ಎರಡು ಸುತ್ತು ಬಂದ. ನನ್ನ ಚಿತ್ರದ ಮುಂದೆ ನಿಂತ. ಜೇಬಿನಿಂದ ಮಾರ್ಕರ್ ತೆಗೆದು ಒಂದು ಗೆರೆ, ಮತ್ತೊಂದು ಗೆರೆ. ಕಾವಲುಗಾರರು ಆ ಕಡೆ ಬಾಗಿಲಿಂದ ನೋಡಿ ಕೂಗಿದರು. ಅವನು ಬೆಚ್ಚಿ, ಇನ್ನೊಂದು ಜೇಬಿನಿಂದ ಪೇಪರ್ ಕಟರ್ ತೆಗೆದು ಒಂದೇ ಎಳೆತಕ್ಕೆ ಕೊಯ್ದ. ನಲವತ್ತು ಸೆಕೆಂಡ್. ಆಮೇಲೆ ಓಡಲೂ ಇಲ್ಲ, ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟ. ಆ ವಿಡಿಯೋವನ್ನು ನಾನು ಒಂದೇ ಸಲ ನೋಡಿದ್ದು. ಮತ್ತೆ ನೋಡುವುದು ಬೇಡ ಅಂತ ಅವತ್ತೇ ನಿರ್ಧಾರ ಮಾಡಿದೆ.

ಮೊದಲ ವಾರ ಪೂರ್ತಿ ಕಾಗದದ ಕೆಲಸ. ಪೊಲೀಸ್ ದೂರು ಕೊಟ್ಟಿದ್ದು ಗ್ಯಾಲರಿಯವರು. ನನ್ನ ಹೇಳಿಕೆಯನ್ನೂ ಬರೆದುಕೊಂಡರು. ಪೊಲೀಸರು ನೋಡಿ ಹೋಗುವ ತನಕ ಚಿತ್ರವನ್ನು ಗೋಡೆಯಿಂದ ಇಳಿಸುವ ಹಾಗಿರಲಿಲ್ಲ. ಆದರೆ ಕೊಯ್ದ ಕ್ಯಾನ್ವಾಸ್ ತನ್ನ ಭಾರಕ್ಕೇ ಇನ್ನಷ್ಟು ಜೋತುಬೀಳುತ್ತಾ ಇರುತ್ತದೆ, ದಾರಗಳು ಹಾಗೇ ಕುಗ್ಗುತ್ತಾ ಹೋಗುತ್ತವೆ. ಆ ಒಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಮಧ್ಯಾಹ್ನ ಇಳಿಸಿ, ಮೇಜಿನ ಮೇಲೆ ಮುಖ ಮೇಲಾಗಿ ಮಲಗಿಸಿದರು. ಯಾರೋ ಒಬ್ಬರು ಟೇಪ್ ಹಚ್ಚೋಣ ಅಂದರು. ದಯವಿಟ್ಟು ಯಾರೂ ಅದನ್ನು ಮಾಡಬೇಡಿ. ಟೇಪ್ ಕೀಳುವಾಗ ಗಾಯದ ಅಕ್ಕಪಕ್ಕದ ಒಳ್ಳೆಯ ಬಣ್ಣವೂ ಎದ್ದು ಬರುತ್ತದೆ.

ಪ್ರದರ್ಶನಕ್ಕೆ ಚಿತ್ರ ಬಂದ ದಿನ ಗ್ಯಾಲರಿಯವರು ಕಂಡೀಷನ್ ರಿಪೋರ್ಟ್ ಮಾಡಿದ್ದರು. ಅಂದ್ರೆ ಚಿತ್ರ ಯಾವ ಸ್ಥಿತಿಯಲ್ಲಿ ಬಂತು, ಎಲ್ಲಿ ಸಣ್ಣ ಗೀರು ಇದೆ, ಎಲ್ಲಿ ಬಣ್ಣ ಬಿರಿದಿದೆ ಅಂತ ಫೋಟೋ ಸಮೇತ ಬರೆದು ಎರಡೂ ಕಡೆಯವರು ಸಹಿ ಹಾಕುವ ಕಾಗದ. ಅವತ್ತು ನಾನು ಅದನ್ನು ಸರಿಯಾಗಿ ಓದದೇ ಸಹಿ ಹಾಕಿದ್ದೆ. ಈಗ ಎಲ್ಲದಕ್ಕೂ ಅದೇ ಆಧಾರವಾಯಿತು. ಯಾವುದು ಹಳೆಯದು, ಯಾವುದು ಹೊಸದು ಅಂತ ಪೊಲೀಸರು ಕೇಳಿದರು, ವಿಮೆಯವರು ಕೇಳಿದರು, ನ್ಯಾಯಾಲಯದಲ್ಲೂ ಕೇಳಿದರು. ಚಿತ್ರ ಬರೆಯುವವರಿಗೆ ನಾನು ಕೈಮುಗಿದು ಹೇಳುವುದು ಒಂದೇ. ಚಿತ್ರ ಹೊರಗೆ ಕಳಿಸುವ ಮೊದಲು ಎದುರಿನಿಂದ, ಹಿಂದಿನಿಂದ, ಪಕ್ಕದಿಂದ ಓರೆ ಬೆಳಕು ಬಿಟ್ಟು ಒಳ್ಳೆಯ ಫೋಟೋ ತೆಗೆದು ಇಟ್ಟುಕೊಳ್ಳಿ.

ಈ ಚಿತ್ರ ನನ್ನದು ಅಂತ ಹೇಳುತ್ತಿದ್ದೇನೆ. ಕಾಗದದ ಪ್ರಕಾರ ಅದು ನನ್ನದಲ್ಲ. ನಾಲ್ಕು ವರ್ಷದ ಹಿಂದೆ ಒಬ್ಬರು ಹಿರಿಯ ಮಹಿಳೆ ಕೊಂಡುಕೊಂಡಿದ್ದರು, ಈ ಪ್ರದರ್ಶನಕ್ಕೆ ಅಂತ ಪ್ರೀತಿಯಿಂದ ಎರವಲು ಕೊಟ್ಟಿದ್ದರು. ಅವರ ಮನೆ ಗೋಡೆಯಿಂದ ಇಳಿಸಿದ ಕ್ಷಣದಿಂದ ಮತ್ತೆ ಅದೇ ಗೋಡೆಗೆ ಏರಿಸುವ ತನಕ ವಿಮೆ ಇರುತ್ತದೆ. ಮೊಳೆಯಿಂದ ಮೊಳೆಗೆ ಅಂತಾರೆ ಅದಕ್ಕೆ. ಅವರಿಗೆ ಫೋನ್ ಮಾಡುವುದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಅಳದೇ ಹೇಳಬೇಕು ಅಂದುಕೊಂಡಿದ್ದೆ, ಆಗಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಂಗೇನೂ ಆಗಿಲ್ಲ ತಾನೇ?" ಅಂತ ಕೇಳಿದರು.

ವಿಮಾ ಕಂಪನಿಯಿಂದ ಸರ್ವೇಯರ್ ಬಂದರು. ಮರ್ಯಾದೆಯ ಮನುಷ್ಯ, ಕೆಲಸ ಗೊತ್ತಿದ್ದವರು. ಅವರ ಮುಂದೆ ಎರಡು ದಾರಿ ಇತ್ತು. ಒಂದು, ರಿಪೇರಿಯ ಖರ್ಚು ಕೊಡುವುದು, ಜೊತೆಗೆ ರಿಪೇರಿಯಾದ ಮೇಲೂ ಚಿತ್ರದ ಬೆಲೆ ಎಷ್ಟು ಇಳಿಯುತ್ತದೋ ಅಷ್ಟನ್ನು ಕಟ್ಟಿಕೊಡುವುದು. ಇನ್ನೊಂದು, ಪೂರ್ತಿ ನಷ್ಟ ಅಂತ ಬರೆದು ಒಪ್ಪಿದ ಬೆಲೆಯನ್ನೆಲ್ಲ ಕೊಟ್ಟುಬಿಡುವುದು. ಎರಡನೆಯದು ಕೇಳೋಕೆ ಸುಲಭ. ಆದರೆ ಪೂರ್ತಿ ಹಣ ಕೊಟ್ಟ ಮೇಲೆ ಚಿತ್ರ ವಿಮಾ ಕಂಪನಿಯದಾಗುತ್ತದೆ. ಎಲ್ಲೋ ಒಂದು ಗೋದಾಮಿನಲ್ಲಿ, ಚಿತ್ರ ಅಂತ ಯಾರೂ ಕರೆಯದ ವಸ್ತುವಾಗಿ ಬಿದ್ದಿರುತ್ತದೆ. ಇದನ್ನು ಕೇಳಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ತೀರ್ಮಾನ ನನ್ನ ಕೈಯಲ್ಲಿ ಇರಲಿಲ್ಲ, ಆ ಅಮ್ಮನ ಕೈಯಲ್ಲಿತ್ತು. ಅವರು ಒಂದೇ ಮಾತು ಹೇಳಿದರು. "ದುಡ್ಡು ತಗೊಂಡು ಏನ್ಮಾಡ್ಲಿ, ಬೆಳಗ್ಗೆ ಎದ್ದು ನೋಡೋದು ಆ ಕುರ್ಚೀನ." ಇವತ್ತಿಗೂ ಆ ಮಾತು ನೆನೆಸಿಕೊಂಡರೆ ಗಂಟಲು ಕಟ್ಟುತ್ತದೆ.

ಆಮೇಲೆ ಕನ್ಸರ್ವೇಟರ್ ಸಿಕ್ಕಿದರು. ಚಿತ್ರಗಳ ವೈದ್ಯರು ಅಂದರೆ ತಪ್ಪಲ್ಲ. ಮೊದಲ ಭೇಟಿಯಲ್ಲೇ ನಾನು ಅವರ ಹತ್ತಿರ ಸಣ್ಣ ಜಗಳ ಆಡಿದೆ. ನಾನು ಹೇಳಿದ್ದು ಇಷ್ಟು: ಸೀಳನ್ನು ನೀವು ಕೂಡಿಸಿ, ಮಾರ್ಕರ್ ಗೆರೆಯನ್ನು ಒರೆಸೋದೇನೂ ಬೇಡ, ಆ ನೀಲಿ ಗೋಡೆಯನ್ನು ನಾನೇ ಮತ್ತೆ ಬರೆದುಬಿಡುತ್ತೇನೆ, ನನ್ನ ಬಣ್ಣ, ನನ್ನ ಕೈ, ಎರಡು ದಿನದ ಕೆಲಸ. ಅವರು ತಲೆ ಅಲ್ಲಾಡಿಸಿದರು.

"ಎಷ್ಟು ಪದರ ಹಾಕಿದ್ದೀರಿ ಈ ನೀಲಿಗೆ?" ಅಂತ ಕೇಳಿದರು.

"ಹತ್ತೋ ಹನ್ನೊಂದೋ. ತೆಳ್ಳಗೆ, ಒಂದು ಒಣಗಿದ ಮೇಲೆ ಇನ್ನೊಂದು."

"ಯಾವ ಪದರದಲ್ಲಿ ಯಾವ ನೀಲಿ, ನೆನಪಿದೆಯಾ?"

ನೆನಪಿರಲಿಲ್ಲ. ಅವರು ಮೆತ್ತಗೆ ವಿವರಿಸಿದರು. ನಾಲ್ಕು ವರ್ಷ ಒಣಗಿದ ಎಣ್ಣೆ ಬಣ್ಣದ ಮೇಲೆ ಹೊಸ ಎಣ್ಣೆ ಬಣ್ಣ ಹಾಕಿದರೆ ಇವತ್ತು ಹೊಂದಿಕೊಂಡ ಹಾಗೆ ಕಾಣುತ್ತದೆ, ಆದರೆ ಎರಡೂ ಬೇರೆ ಬೇರೆ ರೀತಿ ಹಳತಾಗುತ್ತವೆ. ಹತ್ತು ವರ್ಷದ ಮೇಲೆ ಆ ಜಾಗ ತೇಪೆಯ ಹಾಗೆ ಎದ್ದು ಕಾಣುತ್ತದೆ. ಆಗ ಅದನ್ನು ತೆಗೆಯಲೂ ಆಗುವುದಿಲ್ಲ, ತೆಗೆಯಲು ಹೋದರೆ ಕೆಳಗಿನದೂ ಬರುತ್ತದೆ. ಅವರ ಕಸುಬಿನ ಮೊದಲ ನಿಯಮವೇ ತಾವು ಹಾಕಿದ್ದನ್ನು ಮುಂದೆ ಇನ್ನೊಬ್ಬರು ತೆಗೆಯುವಂತಿರಬೇಕು ಅನ್ನೋದು. "ನಾಲ್ಕು ವರ್ಷದ ಹಿಂದೆ ಇದನ್ನ ಬರೆದೋರು ನೀವೇ, ಆದ್ರೆ ಈಗಿನ ನೀವು ಅವರಲ್ಲ" ಅಂದರು. ಅವತ್ತು ಸಿಟ್ಟು ಬಂತು. ಈಗ ಒಪ್ಪುತ್ತೇನೆ. ಈಗ ನನ್ನ ನೀಲಿ ಬದಲಾಗಿದೆ.

ರಿಪೇರಿಯೇ ಎರಡನೇ ಪೆಟ್ಟಾಗಬಹುದು ಅನ್ನೋದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಬಾರ್ನೆಟ್ ನ್ಯೂಮನ್‌ನ ದೊಡ್ಡ ಕೆಂಪು ಚಿತ್ರವೊಂದನ್ನು 1986ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸ್ಟೆಡೆಲೆಕ್ ಮ್ಯೂಸಿಯಂನಲ್ಲಿ ಒಬ್ಬ ಕಟರ್‌ನಿಂದ ಕೊಯ್ದ. ಸೀಳುಗಳು ಮೀಟರ್‌ಗಟ್ಟಲೆ ಉದ್ದ. ರಿಪೇರಿಯಾಗಿ ಬಂದ ಮೇಲೆ ಇನ್ನೂ ದೊಡ್ಡ ಗಲಾಟೆಯಾಯಿತು. ಬರೀ ಸೀಳಿದ ಜಾಗವನ್ನಲ್ಲ, ಕೆಂಪು ಭಾಗವನ್ನೇ ರೋಲರ್‌ನಿಂದ ಬಳಿದಿದ್ದಾರೆ, ನ್ಯೂಮನ್ ಪದರ ಪದರವಾಗಿ ಕಟ್ಟಿದ್ದ ಕೆಂಪಿನ ಜೀವ ಹೋಯಿತು ಅನ್ನೋ ಆರೋಪ ಬಂದು ಕೋರ್ಟಿನ ತನಕ ಹೋಯಿತು. ಅದೇ ಮನುಷ್ಯ 1997ರಲ್ಲಿ ಅದೇ ಮ್ಯೂಸಿಯಂಗೆ ಬಂದು ನ್ಯೂಮನ್‌ನ ಇನ್ನೊಂದು ಚಿತ್ರವನ್ನೂ ಕೊಯ್ದ. ಇದನ್ನು ಓದಿದ ರಾತ್ರಿಯೇ ನಾನು ಕನ್ಸರ್ವೇಟರ್‌ಗೆ ಮೆಸೇಜ್ ಮಾಡಿ ನೀವು ಹೇಳಿದ ಹಾಗೇ ಆಗಲಿ ಅಂದೆ.

ಮೊದಲು ಮಾರ್ಕರ್. ಸೀಳಿಗಿಂತ ಅದೇ ಅವರಿಗೆ ಹೆಚ್ಚು ಚಿಂತೆ. ನನಗೆ ಆಶ್ಚರ್ಯವಾಯಿತು. ಕಾರಣ ಇಷ್ಟು: ಮಾರ್ಕರ್ ಶಾಯಿಯನ್ನು ಕರಗಿಸುವ ದ್ರಾವಕಗಳೇ ಎಣ್ಣೆ ಬಣ್ಣವನ್ನೂ ಮೆತ್ತಗೆ ಮಾಡುತ್ತವೆ. ಅದರಲ್ಲೂ ನಾಲ್ಕು ವರ್ಷದ ಬಣ್ಣ ಅಂದರೆ ಎಳೆಯದು, ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮೇಲಾಗಿ ನಾನು ಅದಕ್ಕೆ ವಾರ್ನಿಶ್ ಹಾಕಿರಲಿಲ್ಲ. ಹೊಳಪು ಬೇಡ, ಗೋಡೆ ಗೋಡೆಯ ಹಾಗೇ ಮಂಕಾಗಿರಲಿ ಅಂತ ಹಾಗೇ ಬಿಟ್ಟಿದ್ದೆ. ಶಾಯಿ ನೇರವಾಗಿ ಬಣ್ಣದೊಳಕ್ಕೇ ಇಳಿದಿತ್ತು. ಪಿಕಾಸೋನ 'ಗೆರ್ನಿಕಾ' ಮೇಲೆ 1974ರಲ್ಲಿ ನ್ಯೂಯಾರ್ಕ್‌ನಲ್ಲಿ ಒಬ್ಬ ಕೆಂಪು ಸ್ಪ್ರೇ ಬಣ್ಣದಲ್ಲಿ ದೊಡ್ಡ ಅಕ್ಷರ ಬರೆದಾಗ, ಮೇಲೆ ದಪ್ಪ ವಾರ್ನಿಶ್ ಇದ್ದದ್ದರಿಂದ ಬೇಗ ತೆಗೆದುಬಿಟ್ಟರು. ಲಂಡನ್‌ನ ಟೇಟ್ ಮಾಡರ್ನ್‌ನಲ್ಲಿ 2012ರ ಅಕ್ಟೋಬರ್‌ನಲ್ಲಿ ಮಾರ್ಕ್ ರಾಥ್ಕೋನ 'ಬ್ಲ್ಯಾಕ್ ಆನ್ ಮರೂನ್' ಮೇಲೆ ಒಬ್ಬ ಶಾಯಿಯಲ್ಲಿ ಹೆಸರು ಬರೆದದ್ದು ಮಾತ್ರ ಹಾಗಲ್ಲ. ರಾಥ್ಕೋನ ತೆಳ್ಳನೆಯ ಪದರಗಳ ಒಳಗೆ ಶಾಯಿ ಇಳಿದುಹೋಗಿತ್ತು. ಅಲ್ಲಿನವರು ರಾಥ್ಕೋ ಬಳಸಿದಂಥದೇ ಬಣ್ಣಗಳಿಂದ ಮಾದರಿಗಳನ್ನು ಮಾಡಿ, ಅವುಗಳ ಮೇಲೆ ದ್ರಾವಕಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿ, ಸರಿಹೋದದ್ದು ಸಿಕ್ಕ ಮೇಲೆಯೇ ನಿಜವಾದ ಚಿತ್ರವನ್ನು ಮುಟ್ಟಿದರು. ಒಟ್ಟು 18 ತಿಂಗಳು ಹಿಡಿಯಿತು. ಚಿತ್ರ 2014ರ ಮೇ ತಿಂಗಳಲ್ಲಿ ಗೋಡೆಗೆ ಮರಳಿತು.

ನಮ್ಮ ಕನ್ಸರ್ವೇಟರ್ ಕೂಡ ಅದೇ ದಾರಿ ಹಿಡಿದರು. ನನ್ನ ಹಳೆಯ ಬಣ್ಣದ ಟ್ಯೂಬ್‌ಗಳನ್ನು ಕೇಳಿ ತರಿಸಿಕೊಂಡರು. ಅದೇ ಕಾಲದಲ್ಲಿ ನಾನು ಅರ್ಧಕ್ಕೆ ಬಿಟ್ಟ ಒಂದು ಕ್ಯಾನ್ವಾಸ್ ಸ್ಟುಡಿಯೋ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಕೊಟ್ಟೆ. ಅದರ ಮೇಲೆ ಅದೇ ಬಗೆಯ ಮಾರ್ಕರ್‌ನಿಂದ ಗೆರೆ ಎಳೆದು ಪ್ರಯೋಗ ಮಾಡಬೇಕಿತ್ತು. "ನೀವೇ ಎಳೀತೀರಾ?" ಅಂದರು. ಮಾರ್ಕರ್ ಕೈಗೆ ತಗೊಂಡೆ. ಆಗಲಿಲ್ಲ. ವಾಪಸ್ ಕೊಟ್ಟೆ. ಅವರೇ ಎಳೆದರು.

ಒಂದು ದಿನ ಇಡೀ ಮಧ್ಯಾಹ್ನ ಪಕ್ಕದಲ್ಲಿ ಕೂತು ನೋಡಲು ಬಿಟ್ಟರು. ಮೈಕ್ರೋಸ್ಕೋಪ್ ಕೆಳಗೆ ಚಿತ್ರ. ಬಿದಿರು ಕಡ್ಡಿಯ ತುದಿಗೆ ಸ್ವಲ್ಪವೇ ಹತ್ತಿ ಸುತ್ತಿ, ದ್ರಾವಕದಲ್ಲಿ ಅದ್ದಿ, ಒತ್ತಿ ಹಿಂಡಿ, ಶಾಯಿಯ ಮೇಲೆ ಉರುಳಿಸುತ್ತಾರೆ, ಉಜ್ಜುವುದಿಲ್ಲ. ಹತ್ತಿಯಲ್ಲಿ ಕಪ್ಪು ಬಂತಾ ನೋಡುತ್ತಾರೆ. ನೀಲಿ ಏನಾದರೂ ಬಂದರೆ ಅಲ್ಲೇ ನಿಲ್ಲಿಸುತ್ತಾರೆ. ಹತ್ತಿ ಎಸೆದು ಹೊಸದು ಸುತ್ತುತ್ತಾರೆ. ಅವತ್ತು ನಾಲ್ಕು ಗಂಟೆಯಲ್ಲಿ ಆದದ್ದು ನನ್ನ ಕಿರುಬೆರಳಿನ ಉಗುರಿನಷ್ಟು ಜಾಗ. ಅವರ ಪಕ್ಕದ ತಟ್ಟೆಯಲ್ಲಿ ಬೂದುಬಣ್ಣದ ಹತ್ತಿಯ ರಾಶಿ ಇತ್ತು. ಅದನ್ನು ನೋಡುತ್ತಾ ನಾನು ಅತ್ತೆ. ದುಃಖಕ್ಕಲ್ಲ. ನನ್ನ ಕೆಲಸಕ್ಕೆ ಅಷ್ಟು ಗಮನವನ್ನು ನಾನು ಕೂಡ ಕೊಟ್ಟಿರಲಿಲ್ಲ ಅನ್ನಿಸಿತು.

ಸೀಳಿನ ಕೆಲಸ ಬೇರೆಯೇ ಲೋಕ. ಮೊದಲು ಸಣ್ಣ ತೇವ ಕೊಟ್ಟು, ಮೇಲೆ ಪುಟ್ಟ ತೂಕಗಳನ್ನು ಇಟ್ಟು, ಸುರುಳಿಯಾದ ಅಂಚನ್ನು ದಿನಗಟ್ಟಲೆ ಮೆಲ್ಲಗೆ ಮಲಗಿಸಬೇಕು. ಆಮೇಲೆ ಹಿಂದಿನಿಂದ, ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾ, ಕತ್ತರಿಸಿದ ಒಂದೊಂದು ದಾರದ ತುದಿಯನ್ನೂ ಅದರ ಜೊತೆ ದಾರಕ್ಕೆ ಕೂಡಿಸಬೇಕು. ಅಡ್ಡ ದಾರ, ಉದ್ದ ದಾರ, ಮೇಲೆ ಕೆಳಗೆ, ಮೊದಲು ನೇಯ್ದ ಹಾಗೆಯೇ. ಅಂಟು ಯಾವುದು ಗೊತ್ತಾ? ಸ್ಟರ್ಜನ್ ಅನ್ನೋ ಮೀನಿನ ಗಾಳಿಚೀಲದಿಂದ ಮಾಡಿದ ಅಂಟು, ಅದಕ್ಕೆ ಗೋಧಿ ಪಿಷ್ಟದ ಗಂಜಿ ಸೇರಿಸಿದ್ದು. ಹಳೆಯ ಕಾಲದಲ್ಲಿ ಹಿಂದಿನಿಂದ ಇನ್ನೊಂದು ಇಡೀ ಬಟ್ಟೆಯನ್ನೇ ಅಂಟಿಸಿಬಿಡುತ್ತಿದ್ದರಂತೆ. ಈಗ ಸಾಧ್ಯವಾದಷ್ಟೂ ದಾರಕ್ಕೆ ದಾರ. 31 ಸೆಂಟಿಮೀಟರ್ ಉದ್ದಕ್ಕೂ ನೂರಾರು ದಾರ. ಆಮೇಲೆ ಬಣ್ಣ ಉದುರಿದ ಗುಂಡಿಗಳಿಗೆ ಸೀಮೆಸುಣ್ಣದ ಪುಡಿ ಬೆರೆಸಿದ ಮೆತ್ತು ತುಂಬಿ, ಸುತ್ತಲಿನ ಬ್ರಷ್ ಗುರುತಿಗೆ ಹೊಂದುವಂತೆ ತಿದ್ದಿ, ಅದರ ಮೇಲೆ ಮಾತ್ರ ಬಣ್ಣ. ಪಕ್ಕದ ಒಳ್ಳೆಯ ಬಣ್ಣದ ಮೇಲೆ ಒಂದು ಚುಕ್ಕೆಯೂ ಹೋಗಬಾರದು. ಆ ಬಣ್ಣವೂ ಎಣ್ಣೆ ಬಣ್ಣವಲ್ಲ, ಬೇಕೆಂದಾಗ ತೆಗೆಯಬಹುದಾದದ್ದು.

ಈ ತಿಂಗಳುಗಳಲ್ಲಿ ನಾನು ಏನೂ ಬರೆಯಲಿಲ್ಲ. ಕ್ಯಾನ್ವಾಸ್ ಎಳೆದು ಮೊಳೆ ಹೊಡೆಯುವಾಗ ಆ ಬಿಗಿ ನೋಡಿದರೆ ಸಾಕು, ಕೊಯ್ದರೆ ಹೇಗೆ ಬಾಯಿ ಬಿಡುತ್ತದೆ ಅನ್ನೋದು ಕಣ್ಣಿಗೆ ಬರುತ್ತಿತ್ತು. ಬೇರೆ ಪ್ರದರ್ಶನಗಳಿಗೆ ಹೋದರೆ ಗೋಡೆ ನೋಡುವುದು ಬಿಟ್ಟು ಜನರ ಕೈ ನೋಡುತ್ತಿದ್ದೆ. ಯಾರಾದರೂ ಜೇಬಿಗೆ ಕೈ ಹಾಕಿದರೆ ಎದೆ ಹೊಡೆದುಕೊಳ್ಳುತ್ತಿತ್ತು. "ಒಂದು ಚಿತ್ರ ತಾನೇ, ಇನ್ನೊಂದು ಬರಿ" ಅಂತ ಹತ್ತಿರದವರೇ ಹೇಳಿದರು. ಅವರ ಮನಸ್ಸು ಒಳ್ಳೆಯದೇ. ಆದರೆ ಹಾಗೆ ಹೇಳಬೇಡಿ, ಯಾರಿಗೂ.

ಪ್ರಕರಣ ನ್ಯಾಯಾಲಯಕ್ಕೆ ಬಂದಾಗ ಒಂಬತ್ತು ತಿಂಗಳಾಗಿತ್ತು. ಅಷ್ಟರಲ್ಲಿ ನಾನು ಬೇರೆ ಕಡೆ ಏನೇನಾಗಿದೆ ಅಂತ ತುಂಬಾ ಓದಿದ್ದೆ. ಶಿಕ್ಷೆ ಎಲ್ಲ ಕಡೆ ಒಂದೇ ಥರ ಇಲ್ಲ, ಕಾರಣ ಏನು ಅನ್ನೋದರ ಮೇಲೆ ಬದಲಾಗುತ್ತದೆ. 1914ರಲ್ಲಿ ಲಂಡನ್‌ನ ನ್ಯಾಷನಲ್ ಗ್ಯಾಲರಿಯಲ್ಲಿ ವೆಲಾಸ್ಕೆಸ್‌ನ 'ರೋಕ್‌ಬಿ ವೀನಸ್' ಚಿತ್ರಕ್ಕೆ ಮೇರಿ ರಿಚರ್ಡ್‌ಸನ್ ಮಾಂಸ ಕಡಿಯುವ ಕತ್ತಿಯಿಂದ ಹೊಡೆದಳು. ಹೆಂಗಸರಿಗೆ ಮತದಾನದ ಹಕ್ಕು ಕೇಳುತ್ತಿದ್ದ ಹೋರಾಟದವಳು. ಆರು ತಿಂಗಳ ಸಜೆಯಾಯಿತು. 1972ರಲ್ಲಿ ಮೈಕೆಲೆಂಜೆಲೋನ 'ಪಿಯೆಟಾ' ಶಿಲ್ಪಕ್ಕೆ ಸುತ್ತಿಗೆಯಿಂದ ಹೊಡೆದವನನ್ನು ಜೈಲಿಗೆ ಕಳಿಸಲಿಲ್ಲ, ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ರಾಥ್ಕೋ ಚಿತ್ರಕ್ಕೆ ಶಾಯಿ ಹಚ್ಚಿದವನಿಗೆ ಎರಡು ವರ್ಷ. 2022ರಲ್ಲಿ ವಾನ್ ಗೋನ ಸೂರ್ಯಕಾಂತಿ ಚಿತ್ರಕ್ಕೆ ಟೊಮೆಟೊ ಸೂಪ್ ಎರಚಿದ ಇಬ್ಬರು ಯುವತಿಯರಿಗೆ 2024ರಲ್ಲಿ ಶಿಕ್ಷೆಯಾಯಿತು, ಒಬ್ಬಳಿಗೆ ಎರಡು ವರ್ಷ, ಇನ್ನೊಬ್ಬಳಿಗೆ 20 ತಿಂಗಳು. ಚಿತ್ರಕ್ಕೆ ಗಾಜು ಇತ್ತು, ಚಿತ್ರ ಉಳಿಯಿತು, ಚೌಕಟ್ಟು ಹಾಳಾಯಿತು.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು 2007ರಲ್ಲಿ ಫ್ರಾನ್ಸಿನ ಅವಿನ್ಯೋನ್‌ನಲ್ಲಿ ನಡೆದದ್ದು. ಸೈ ಟ್ವಾಂಬ್ಲಿಯ ಪೂರ್ತಿ ಬಿಳಿ ಕ್ಯಾನ್ವಾಸ್‌ಗೆ ಒಬ್ಬ ಹೆಂಗಸು ಲಿಪ್‌ಸ್ಟಿಕ್ ಹಚ್ಚಿದ ತುಟಿಯಿಂದ ಮುತ್ತು ಕೊಟ್ಟಳು. ಪ್ರೀತಿಯಿಂದ ಮಾಡಿದೆ ಅಂದಳು. ನ್ಯಾಯಾಲಯ ಮಾಲೀಕನಿಗೆ 1000 ಯೂರೋ, ಗ್ಯಾಲರಿಗೆ 500 ಯೂರೋ, ಕಲಾವಿದನಿಗೆ 1 ಯೂರೋ ಕೊಡು ಅಂದಿತು. ಜೊತೆಗೆ 100 ಗಂಟೆ ಸಮಾಜ ಸೇವೆ. ಆ ಒಂದು ಯೂರೋ ಬಗ್ಗೆ ಬಹಳ ಯೋಚಿಸಿದೆ. ಅದು ಕಡಿಮೆ ಅಂತ ನನಗೆ ಅನ್ನಿಸಲಿಲ್ಲ. ಮಾರಿದ ಮೇಲೂ ಅದಕ್ಕೂ ಬರೆದವನಿಗೂ ಒಂದು ಸಂಬಂಧ ಇದೆ, ಅವನಿಗೂ ನೋವಾಗಿದೆ ಅಂತ ಲೆಕ್ಕದಲ್ಲಿ ಬರೆದ ಹಾಗಿತ್ತು.

ನನಗೂ ಎರಡು ಮಾತು ಹೇಳಲು ಅವಕಾಶ ಕೊಟ್ಟರು. ದೊಡ್ಡ ಭಾಷಣ ಬರೆದುಕೊಂಡಿದ್ದೆ. ಅಲ್ಲಿ ಹೋಗಿ ನಿಂತ ಮೇಲೆ ಅದನ್ನು ಮಡಚಿ ಇಟ್ಟೆ. ಕನ್ಸರ್ವೇಟರ್ ಕೊಟ್ಟ ಕೆಲಸದ ಪಟ್ಟಿ ಕೈಯಲ್ಲಿತ್ತು, ಅದನ್ನೇ ಓದಿದೆ. ಮಾರ್ಕರ್ ತೆಗೆಯಲು ಪ್ರಯೋಗ, 38 ಗಂಟೆ. ಮಾರ್ಕರ್ ತೆಗೆದದ್ದು ಇಲ್ಲಿಯವರೆಗೆ, 71 ಗಂಟೆ. ಅಂಚು ಮಲಗಿಸಿದ್ದು, 16 ಗಂಟೆ. ದಾರ ಕೂಡಿಸಿದ್ದು ಇಲ್ಲಿಯವರೆಗೆ, 52 ಗಂಟೆ, ಇನ್ನೂ ಮುಗಿದಿಲ್ಲ. ಅಲ್ಲಿಯ ತನಕ ನೆಲ ನೋಡುತ್ತಾ ಕೂತಿದ್ದ ಹುಡುಗ ಆಗ ತಲೆ ಎತ್ತಿದ. ಮುಖದಲ್ಲಿ ನಿಜವಾದ ಗಾಬರಿ ಇತ್ತು. ಇಂಥದ್ದೊಂದು ಕೆಲಸ ಇರುತ್ತದೆ ಅಂತಲೇ ಅವನಿಗೆ ಗೊತ್ತಿರಲಿಲ್ಲ. ಯಾಕೆ ಮಾಡಿದೆ ಅಂತ ಮೊದಲೇ ಕೇಳಿದ್ದರು. "ಗೊತ್ತಿಲ್ಲ. ಸುಮ್ನೆ. ತಲೆ ಕೆಟ್ಟಿತ್ತು, ಯಾರಾದ್ರೂ ನೋಡ್ಲಿ ಅನ್ನಿಸ್ತು" ಅಂದಿದ್ದ. ಅದಕ್ಕಿಂತ ಜಾಸ್ತಿ ಏನೂ ಇರಲಿಲ್ಲ. ನಾನು ದೊಡ್ಡ ಕಾರಣವೊಂದನ್ನು ಹುಡುಕುತ್ತಿದ್ದೆ, ದ್ವೇಷವೋ, ರಾಜಕೀಯವೋ, ಏನೋ ಒಂದು. ಸಿಗಲಿಲ್ಲ. ಅದನ್ನು ಒಪ್ಪಿಕೊಳ್ಳೋಕೆ ಸೀಳಿಗಿಂತ ಹೆಚ್ಚು ಸಮಯ ಬೇಕಾಯಿತು.

ಜೈಲು ಆಗಲಿಲ್ಲ. ಮೊದಲ ತಪ್ಪು, ವಯಸ್ಸು, ಚಿಕಿತ್ಸೆ ತಗೊಳ್ಳುತ್ತಿದ್ದ ಅನ್ನೋದನ್ನೆಲ್ಲ ನೋಡಿದರು. ದಂಡ, ಸಮಾಜ ಸೇವೆ, ಜೊತೆಗೆ ರಿಪೇರಿಯ ಖರ್ಚು ಕಂತಿನಲ್ಲಿ ಕಟ್ಟಬೇಕು ಅಂತ ಆಯಿತು. ವಿಮೆ ಇದ್ದರೆ ಮಾಡಿದವನು ತಪ್ಪಿಸಿಕೊಳ್ಳುತ್ತಾನೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ವಿಮಾ ಕಂಪನಿ ಮಾಲೀಕರಿಗೆ ಕೊಟ್ಟ ಹಣವನ್ನು ಅವನಿಂದ ವಸೂಲಿ ಮಾಡುವ ಹಕ್ಕು ಕಂಪನಿಗೆ ಬರುತ್ತದೆ. ಅವನು ವರ್ಷಗಟ್ಟಲೆ ಕಟ್ಟುತ್ತಾ ಇರಬೇಕು. ಶಿಕ್ಷೆ ಕಡಿಮೆಯಾಯಿತು ಅಂತ ಕೆಲವರು ನನ್ನ ಮೇಲೇ ಸಿಟ್ಟಾದರು. ನನಗೆ ಸಾಕು ಅನ್ನಿಸಿತು. ಇಪ್ಪತ್ತರ ಹುಡುಗನನ್ನು ಜೈಲಿಗೆ ಹಾಕಿದರೆ ನನ್ನ ಕ್ಯಾನ್ವಾಸಿನ ಒಂದು ದಾರವೂ ಕೂಡುತ್ತಿರಲಿಲ್ಲ.

ಅವನ ಹೆಸರು ನಾನು ಎಲ್ಲೂ ಬರೆದಿಲ್ಲ, ಬರೆಯುವುದೂ ಇಲ್ಲ. ಹಳೆಯ ಗ್ರೀಕ್ ನಗರ ಎಫೆಸಸ್‌ನ ಆರ್ಟೆಮಿಸ್ ದೇವಾಲಯಕ್ಕೆ ಬೆಂಕಿ ಹಚ್ಚಿದವನು ಹೆಸರು ಉಳಿಯಲಿ ಅಂತ ಹಚ್ಚಿದ್ದನಂತೆ. ಊರಿನವರು ಆ ಹೆಸರನ್ನು ಯಾರೂ ಎತ್ತಬಾರದು ಅಂತ ಕಟ್ಟು ಮಾಡಿದರು. ಎರಡು ಸಾವಿರ ವರ್ಷಕ್ಕಿಂತ ಹಿಂದಿನ ಮಾತು, ಆದರೆ ಅವರು ಮಾಡಿದ್ದು ಸರಿ ಅಂತ ನನ್ನ ಅಭಿಪ್ರಾಯ. ನೋಡಲಿ ಅಂತ ಮಾಡುವವರಿಗೆ ನಾವು ಕೊಡುವ ಪ್ರಚಾರವೇ ಬಹುಮಾನ. ಇಲ್ಲಿ ಇನ್ನೊಂದು ಕಾರಣವೂ ಇದೆ. ಅವನಿಗೆ ಇನ್ನೂ ಐವತ್ತು ವರ್ಷದ ಬದುಕಿದೆ, ಈ ಒಂದು ಹೆಸರಲ್ಲೇ ಕಳೆಯುವುದು ಬೇಡ.

14ನೇ ತಿಂಗಳು ಕನ್ಸರ್ವೇಟರ್ ಕರೆದರು. ಚಿತ್ರ ಈಸಲ್ ಮೇಲೆ ನಿಂತಿತ್ತು. ನಾಲ್ಕು ಹೆಜ್ಜೆ ದೂರದಿಂದ ಏನೂ ಇಲ್ಲ. ನನ್ನ ಕುರ್ಚಿ, ನನ್ನ ಗೋಡೆ. ಹತ್ತಿರ ಹೋದೆ. ಎಲ್ಲಿ ಹುಡುಕಬೇಕು ಅಂತ ಗೊತ್ತಿದ್ದವಳಿಗೆ ಕುರ್ಚಿಯ ಬೆನ್ನಿನ ಪಕ್ಕ ಕೂದಲೆಳೆಯಷ್ಟು ಒಂದು ಉಬ್ಬು ಕಂಡಿತು. ಆಮೇಲೆ ದೀಪ ಆರಿಸಿ ನೇರಳಾತೀತ ಟಾರ್ಚ್ ಹಾಕಿದರು. ಆ ಬೆಳಕಿನಲ್ಲಿ ಹೊಸ ಬಣ್ಣ ಕಪ್ಪಗೆ ಬೇರೆಯಾಗಿ ಕಾಣುತ್ತದೆ. ಸೀಳಿನ ಉದ್ದಕ್ಕೂ ಚುಕ್ಕಿ ಚುಕ್ಕಿ ಇರುವೆ ಸಾಲಿನ ಹಾಗೆ ಕಂಡಿತು. "ಇದನ್ನ ಮುಚ್ಚಿಡಬಾರದು, ಮುಂದೆ ನೋಡುವವರಿಗೆ ಗೊತ್ತಾಗಬೇಕು" ಅಂದರು. ಒಟ್ಟು ಗಂಟೆ ಎಷ್ಟಾಯಿತು ಅಂತ ಕೇಳಿದೆ. 243. ಹೊಸ ಕಂಡೀಷನ್ ರಿಪೋರ್ಟ್ ಕೊಟ್ಟರು. ಈ ಸಲ ಒಂದೊಂದು ಸಾಲೂ ಓದಿ ಸಹಿ ಹಾಕಿದೆ.

ಚಿತ್ರ ಕೊಂಡಿದ್ದ ಆ ಅಮ್ಮನ ಮನೆಗೆ ಹೋಗುವ ಮೊದಲು ಒಂದು ತಿಂಗಳು ಅದೇ ಗ್ಯಾಲರಿಯಲ್ಲಿ ಇಡೋಣ ಅಂತ ಅವರೇ ಹೇಳಿದರು. ಗಾಜು ಹಾಕಬೇಕು ಅಂತ ಗ್ಯಾಲರಿಯವರು ಪಟ್ಟು ಹಿಡಿದರು. ನನಗೆ ಗಾಜು ಇಷ್ಟ ಇಲ್ಲ, ನೋಡುವವರಿಗೂ ಬಣ್ಣಕ್ಕೂ ನಡುವೆ ಏನೂ ಇರಬಾರದು ಅಂತ ಮೊದಲಿನಿಂದಲೂ ನಂಬಿದವಳು. ಆದರೆ 243 ಗಂಟೆ ಇನ್ನೊಬ್ಬರ ಕೈಯದು. ಪ್ರತಿಫಲನ ಕಡಿಮೆ ಇರುವ ಗಾಜು ಹಾಕಿಸಿದರು, ಒಪ್ಪಿದೆ.

ತೂಗು ಹಾಕಿದ ದಿನ ಬೆಳಗ್ಗೆ ಜನ ಬರುವ ಮೊದಲೇ ಹೋದೆ. ಅದೇ ಕಾವಲುಗಾರರು ಇದ್ದರು. ಆ ದಿನದ ಮೇಲೆ ಅವರು ಒಂದು ತಿಂಗಳು ಕೆಲಸಕ್ಕೆ ಬಂದಿರಲಿಲ್ಲವಂತೆ. ನನ್ನ ತಪ್ಪು, ನನ್ನ ತಪ್ಪು ಅಂತ ಮನೆಯಲ್ಲೇ ಕೂತಿದ್ದರಂತೆ. ನನಗೆ ಇದು ಅವತ್ತೇ ಗೊತ್ತಾದದ್ದು. ಇಷ್ಟು ತಿಂಗಳು ನಾನು ಅವರಿಗೆ ಒಂದು ಫೋನ್ ಕೂಡ ಮಾಡಿರಲಿಲ್ಲ. ಕ್ಷಮಿಸಿ ಅಂದೆ. ಅವರು ಕೈ ಬೀಸಿ ಬಿಟ್ಟುಬಿಡಿ ಅಂದರು. ಆಮೇಲೆ "ಎಲ್ಲಿತ್ತು ಮೇಡಂ, ತೋರಿಸಿ" ಅಂದರು. ಬೆರಳು ಗಾಜಿಗೆ ತಾಗದ ಹಾಗೆ ತೋರಿಸಿದೆ. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ, ಬಹಳ ಹೊತ್ತು ನೋಡಿದರು.

"ಇನ್ನೂ ಸ್ವಲ್ಪ ಕಾಣತ್ತೆ" ಅಂದರು.

"ಹೌದು, ಕಾಣತ್ತೆ" ಅಂದೆ.

ಬಾಗಿಲ ಹತ್ತಿರ ಇದ್ದ ತಮ್ಮ ಕುರ್ಚಿಯನ್ನು ತಂದು, ಆ ಗೋಡೆಗೆ ಎದುರಾಗಿ ಹಾಕಿಕೊಂಡು ಕೂತರು.